ಏಕಫಲಕ ಗಣಕಗಳಲ್ಲಿ ಲಿನಕ್ಸ್: ನಿರ್ಮಾಣವೂ ರಕ್ಷಣೆಯೂ

ಪ್ರೊಸೆಸರ್, ಮೆಮೊರಿ, ವಿದ್ಯುತ್ತಿನ ಹತೋಟಿ, ಹೊರಗಿನ ಉಪಕರಣಗಳೊಡನೆ ವ್ಯವಹರಿಸಲು ಬೇಕಾದ ಸಂಪರ್ಕದ್ವಾರಗಳು, ಇವೆಲ್ಲವೂ ಅಂಗೈಯಗಲದ ಒಂದೇ ಫಲಕದ ಮೇಲೆ ನೆಲೆಗೊಂಡು, ಲಿನಕ್ಸ್‌ನಂಥ ಪೂರ್ಣಪ್ರಮಾಣದ ಕಾರ್ಯಾಚರಣ ವ್ಯವಸ್ಥೆಯನ್ನು ಹೊರಬಲ್ಲ ಶಕ್ತಿಯುಳ್ಳ ಯಂತ್ರಕ್ಕೆ ಏಕಫಲಕ ಗಣಕವೆಂದು ಹೆಸರು. ವ್ಯವಹಾರದಲ್ಲಿ ಸಿಂಗಲ್ ಬೋರ್ಡ್ ಕಂಪ್ಯೂಟರ್ ಎಂದೋ ಬರಿದೆ ಬೋರ್ಡ್ ಎಂದೋ ಕರೆಯುವುದು ರೂಢಿ. ಇಂಥ ಗಣಕವನ್ನು ಮೇಜಿನ ಮೇಲಿರಿಸಿ ಸಾಮಾನ್ಯ ಕಂಪ್ಯೂಟರಿನಂತೆ ಬಳಸುವುದು ಒಂದು ಬಗೆ. ಅದನ್ನು ರೂಟರ್, ಕಾವಲು ಕ್ಯಾಮರಾ, ಟಿಕೆಟ್ ಯಂತ್ರ, ಕಾರ್ಖಾನೆಯ ನಿಯಂತ್ರಕ ಮೊದಲಾದ ಸಾಧನಗಳ ಒಡಲೊಳಗೆ ಹುದುಗಿಸಿ, ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಒಂದೇ ಕೆಲಸದಲ್ಲಿ ನಿರತವಾಗಿರುವಂತೆ ವಿಧಿಸುವುದು ಮತ್ತೊಂದು ಬಗೆ. ಈ ಎರಡನೆಯ ಪ್ರಯೋಜನಕ್ಕಾಗಿ, ಸಿದ್ಧಪಡಿಸಿದ ವಿತರಣೆಗಳನ್ನು ಅವಲಂಬಿಸದೆ, ಮೂಲಸಂಕೇತದಿಂದಲೇ ಆರಂಭಿಸಿ ಆ ಸಾಧನಕ್ಕೆ ತಕ್ಕಷ್ಟೇ ಲಿನಕ್ಸನ್ನು ಕಟ್ಟಿಕೊಳ್ಳುವ ಕ್ರಮವೂ, ಹಾಗೆ ಕಟ್ಟಿದ್ದನ್ನು ಪರರ ಆಕ್ರಮಣದಿಂದ ಕಾಪಾಡುವ ಉಪಾಯಗಳೂ ಪ್ರಕೃತ ಲೇಖನದ ವಿಷಯ. ಕಟ್ಟುವವರು ಒಬ್ಬರು, ಕಾಯುವವರು ಇನ್ನೊಬ್ಬರು ಎಂಬ ಭಾವನೆ ಈ ಉದ್ಯಮದಲ್ಲಿ ಬಹುಕಾಲ ಬೇರೂರಿತ್ತಾದರೂ ಅನುಭವವು ಅದಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ. ಸಾಧನದಲ್ಲಿ ಏನೇನು ಅಡಕವಾಗಿದೆಯೆಂದು ಬಲ್ಲವನು, ಅದನ್ನು ಮತ್ತೊಮ್ಮೆ ಅದೇ ರೂಪದಲ್ಲಿ ಕಟ್ಟಬಲ್ಲವನು, ಹತ್ತು ವರ್ಷದ ಬಳಿಕವೂ ಅದಕ್ಕೆ ತೇಪೆ ಹಾಕಬಲ್ಲವನು ಮಾತ್ರವೇ ಅದನ್ನು ರಕ್ಷಿಸಬಲ್ಲನು.

ಹಿನ್ನೆಲೆ

ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇಂಟೆಲ್ 386 ಪ್ರೊಸೆಸರಿಗಾಗಿ ಬರೆದ, ಲಿನಕ್ಸಿನ ತಿರುಳಾದ ಕರ್ನಲ್ ಆ ಒಂದೇ ಯಂತ್ರಕುಲಕ್ಕೆ ಕಟ್ಟುಬಿದ್ದು ನಿಲ್ಲಲಿಲ್ಲ. ಇಂಗ್ಲೆಂಡಿನ ರಸೆಲ್ ಕಿಂಗ್ 1994ರಲ್ಲಿ ಅದನ್ನು ಆರ್ಮ್ ಪ್ರೊಸೆಸರುಗಳಿಗೆ ಒಗ್ಗಿಸುವ ಕಾರ್ಯವನ್ನು ಕೈಗೊಂಡರು. ಇಂದಿನ ಏಕಫಲಕ ಗಣಕಗಳಲ್ಲಿ ಬಹುಪಾಲು ಆ ಕುಲಕ್ಕೇ ಸೇರಿದವು. ಅಲ್ಪ ಮೆಮೊರಿಯ ಯಂತ್ರಗಳಲ್ಲಿ ಲಿನಕ್ಸನ್ನು ಅಡಕಮಾಡುವ ಪ್ರಯತ್ನಗಳಲ್ಲಿ ಕರ್ನಾಟಕಕ್ಕೂ ಒಂದು ಗೌರವದ ಸ್ಥಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಸಾಫ್ಟ್‌ವೇರ್ ಸಂಸ್ಥೆಯವರೂ ಕೂಡಿ ರೂಪಿಸಿ 2001ರಲ್ಲಿ ಹೊರತಂದ ಸಿಂಪ್ಯೂಟರ್, ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿನ ಮೇಲೆ ಲಿನಕ್ಸನ್ನು ನಡೆಸುತ್ತಿದ್ದ ಕೈಹಿಡಿಯ ಗಣಕವಾಗಿದ್ದು, ಓದಲು ಬಾರದವರಿಗೂ ಉಪಯೋಗವಾಗಲೆಂದು ಕನ್ನಡವೂ ಸೇರಿದಂತೆ ದೇಶಭಾಷೆಗಳ ಪಠ್ಯವನ್ನು ಉಚ್ಚರಿಸುವ ತಂತ್ರಾಂಶವನ್ನು ಒಳಗೊಂಡಿತ್ತು. 2004ರಲ್ಲಿ ಅದರ ಒಂದು ರೂಪವು ಅಮಿಡ ಎಂಬ ಹೆಸರಿನಿಂದ, ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದಿತು. ವ್ಯಾಪಾರದಲ್ಲಿ ಅದು ನೆಲೆಯೂರಲಿಲ್ಲ. ಆದರೆ ಇಂದು ಸಾಧಾರಣವೆನಿಸಿರುವ ಕೌಶಲವನ್ನು ಅಂದೇ ಇಲ್ಲಿ ಸಾಧಿಸಿದ್ದರೆಂಬುದನ್ನು ಮರೆಯುವುದು ನ್ಯಾಯವಲ್ಲ.

ಅಗ್ಗದ ಫಲಕಗಳ ಯುಗವು 2008ರಲ್ಲಿ ಬೀಗಲ್‌ಬೋರ್ಡ್‌ನೊಡನೆ ಮೊದಲಾಯಿತೆನ್ನಬಹುದು. 2012ರ ಫೆಬ್ರವರಿ 29ರಂದು ಕೇಂಬ್ರಿಜ್‌ನ ಪ್ರತಿಷ್ಠಾನವೊಂದು, ಶಾಲೆಯ ಮಕ್ಕಳು ಪ್ರೋಗ್ರಾಮ್ ಬರೆಯುವುದನ್ನು ಕಲಿಯಲೆಂಬ ಉದ್ದೇಶದಿಂದ, 35 ಡಾಲರಿಗೆ ಬಿಡುಗಡೆಮಾಡಿದ ರಾಸ್ಪ್‌ಬೆರಿ ಪೈ ಈ ಯಂತ್ರಗಳನ್ನು ಜನಸಾಮಾನ್ಯರ ಕೈಗೆಟುಕಿಸಿತು. ಮರುವರ್ಷ 45 ಡಾಲರಿನ ಬೀಗಲ್‌ಬೋನ್ ಬ್ಲ್ಯಾಕ್ ಬಂದಿತು. ಅದರ ವಿನ್ಯಾಸದ ನಕ್ಷೆಗಳು ಬಹಿರಂಗವಾಗಿರುವುದರಿಂದ, ಕ್ರಮವನ್ನು ವಿವರಿಸುವುದಕ್ಕೆ ಅದಕ್ಕಿಂತ ಅನುಕೂಲವಾದ ಉದಾಹರಣೆ ದೊರೆಯುವುದು ದುರ್ಲಭ.

ಬೂಟ್ ಸರಣಿ

ವಿದ್ಯುತ್ತು ಹರಿದೊಡನೆ ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಮೊದಲು ನಡೆಯತೊಡಗುವುದು, ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನವರು ತಮ್ಮ ಎಎಮ್335ಎಕ್ಸ್ ಚಿಪ್ಪಿನೊಳಗೆ ಕಾರ್ಖಾನೆಯಲ್ಲಿಯೇ ಅಚ್ಚೊತ್ತಿರುವ, ಯಾರಿಂದಲೂ ಬದಲಿಸಲಾಗದ ಒಂದು ಕಿರುಪ್ರೋಗ್ರಾಮು. ಆ ಹೊತ್ತಿಗೆ ಫಲಕದ ಮೇಲಿನ 512 ಮೆಗಾಬೈಟ್ ಮೆಮೊರಿ ಇನ್ನೂ ಬಳಕೆಗೆ ಸಿದ್ಧವಾಗಿರುವುದಿಲ್ಲ. ಆದುದರಿಂದ ಈ ಪ್ರೋಗ್ರಾಮು, ಫಲಕದ ಫ್ಲ್ಯಾಶ್‌ನಿಂದಲೋ ಎಸ್‌ಡಿ ಕಾರ್ಡಿನಿಂದಲೋ, ಚಿಪ್ಪಿನೊಳಗಿನ ಪುಟ್ಟ ಮೆಮೊರಿಯಲ್ಲಿ ಹಿಡಿಸುವಷ್ಟು, ಎಂದರೆ 109 ಕಿಲೋಬೈಟಿಗೆ ಮೀರದ, ಎಂಎಲ್‌ಒ ಎಂಬ ಹೆಸರಿನ ಪ್ರಾಥಮಿಕ ಬೂಟ್‌ಲೋಡರನ್ನು ತಂದು ಅದಕ್ಕೆ ಅಧಿಕಾರವನ್ನು ಒಪ್ಪಿಸುತ್ತದೆ. ಅದು ಹೊರಗಿನ ಮೆಮೊರಿಯನ್ನು ಅಣಿಗೊಳಿಸಿ ಪೂರ್ಣ ಬೂಟ್‌ಲೋಡರನ್ನು ಕರೆಯುತ್ತದೆ. ಆ ಬೂಟ್‌ಲೋಡರು ಕರ್ನಲನ್ನೂ ಫಲಕದ ಯಂತ್ರಾಂಶವನ್ನು ವರ್ಣಿಸುವ ಡಿವೈಸ್ ಟ್ರೀಯನ್ನೂ ಮೆಮೊರಿಗೆ ತುಂಬಿಸುತ್ತದೆ. ಕರ್ನಲ್ ಎದ್ದು, ಮೂಲ ಫೈಲ್‌ವ್ಯವಸ್ಥೆಯನ್ನು ಜೋಡಿಸಿಕೊಂಡು, ಇನಿಟ್ ಎಂಬ ಪ್ರಥಮ ಪ್ರಕ್ರಿಯೆಯನ್ನು ಆರಂಭಿಸುತ್ತದೆ. ರಾಸ್ಪ್‌ಬೆರಿ ಪೈಯ ಮೊದಲ ಮಾದರಿಗಳಲ್ಲಿ ಈ ಕ್ರಮವು ವಿಚಿತ್ರವಾಗಿದ್ದು, ಆರ್ಮ್ ಪ್ರೊಸೆಸರಿಗಿಂತ ಮುಂಚೆ ಅದರ ಚಿತ್ರಸಂಸ್ಕರಣ ಘಟಕವೇ ಎಚ್ಚೆತ್ತು, ಎಸ್‌ಡಿ ಕಾರ್ಡಿನಿಂದ ಮೂಲಸಂಕೇತ ಬಹಿರಂಗವಿಲ್ಲದ ಒಂದೆರಡು ಫೈಲುಗಳನ್ನು ಓದಿದ ಮೇಲೆಯೇ ಮುಖ್ಯ ಪ್ರೊಸೆಸರಿಗೆ ಸರದಿ ಬರುತ್ತಿತ್ತು.

ಪೂರ್ಣ ಬೂಟ್‌ಲೋಡರಿನ ಸ್ಥಾನದಲ್ಲಿ ಬಹುತೇಕ ಎಲ್ಲ ಫಲಕಗಳಲ್ಲೂ ಕಾಣುವುದು ಯು-ಬೂಟ್. ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ ಅವರು 2000ದಲ್ಲಿ ಪವರ್‌ಪಿಸಿ ಯಂತ್ರಗಳಿಗೆಂದು ಪಿಪಿಸಿಬೂಟ್ ಎಂಬ ಹೆಸರಿನಿಂದ ಬೆಳೆಸತೊಡಗಿದ ಈ ಪ್ರೋಗ್ರಾಮು, ಬೇರೆ ಪ್ರೊಸೆಸರ್ ಕುಲಗಳಿಗೂ ವ್ಯಾಪಿಸಿದ ಮೇಲೆ 2002ರಲ್ಲಿ ಈಗಿನ ಹೆಸರನ್ನು ತಳೆಯಿತು. ಡಿವೈಸ್ ಟ್ರೀಯ ಕತೆ ಇನ್ನೂ ಸ್ವಾರಸ್ಯವಾದುದು. ಆರ್ಮ್ ಚಿಪ್ಪುಗಳ ತಯಾರಕರು ತಂತಮ್ಮ ಫಲಕಗಳ ವಿವರಗಳನ್ನೆಲ್ಲ ಕರ್ನಲ್‌ನ ಸಂಕೇತದೊಳಗೇ ತುರುಕುತ್ತಿದ್ದುದರಿಂದ ಬೇಸತ್ತ ಟೋರ್ವಾಲ್ಡ್ಸ್ 2011ರಲ್ಲಿ ಬಲು ಖಾರವಾಗಿಯೇ ಆಕ್ಷೇಪವೆತ್ತಿದರು. ಅದರ ಫಲವಾಗಿ, ಓಪನ್ ಫರ್ಮ್‌ವೇರ್‌ನಲ್ಲಿ ಮೊದಲೇ ಬಳಕೆಯಲ್ಲಿದ್ದ ವರ್ಣನಾಪದ್ಧತಿ ಆರ್ಮ್ ಲಿನಕ್ಸಿಗೂ ಬಂದು, ಯಾವ ಪಿನ್ನಿಗೆ ಯಾವ ಸಂವೇದಕ ಜೋಡಿಸಿದೆ, ಯಾವ ವಿಳಾಸದಲ್ಲಿ ಯಾವ ಉಪಕರಣವಿದೆ ಎಂಬ ಸಂಗತಿಗಳು ಕರ್ನಲ್‌ನಿಂದ ಹೊರಬಿದ್ದು ಪ್ರತ್ಯೇಕ ಫೈಲಿನಲ್ಲಿ ನೆಲೆಸಿದುವು. ಹೊಸ ಫಲಕಕ್ಕೆ ಲಿನಕ್ಸನ್ನು ಒಗ್ಗಿಸುವವನ ಶ್ರಮದಲ್ಲಿ ದೊಡ್ಡ ಪಾಲು ಈಗ ಈ ಫೈಲನ್ನು ಸರಿಯಾಗಿ ಬರೆಯುವುದಕ್ಕೇ ಸಲ್ಲುತ್ತದೆ.

ಕಟ್ಟುವ ಸಾಧನಗಳು

ಫಲಕದ ಪ್ರೊಸೆಸರು ಒಂದು ಕುಲ, ಅಭಿಯಂತನ ಮೇಜಿನ ಮೇಲಿನ ಕಂಪ್ಯೂಟರು ಮತ್ತೊಂದು ಕುಲ. ಒಂದರ ಮೇಲೆ ಕುಳಿತು ಇನ್ನೊಂದಕ್ಕೆ ಯಂತ್ರಭಾಷೆಯನ್ನು ಉತ್ಪಾದಿಸುವ ಕ್ರಾಸ್ ಕಂಪೈಲರ್ ಮತ್ತದರ ಪರಿವಾರಕ್ಕೆ ಟೂಲ್‌ಚೈನ್ ಎಂದು ಹೆಸರು. ಯಾವ ಸಿ ಗ್ರಂಥಾಲಯವನ್ನು ಆರಿಸಬೇಕೆಂಬುದು ಇಲ್ಲಿಯೇ ನಿರ್ಧಾರವಾಗುತ್ತದೆ: ಎಲ್ಲಕ್ಕೂ ಹೊಂದುವ, ಆದರೆ ಸ್ಥೂಲಕಾಯದ ಜಿಲಿಬ್‌ಸಿ, ಅಥವಾ 2011ರಿಂದ ಬೆಳೆದುಬಂದಿರುವ, ಮಿತಗಾತ್ರದ ಮಸಲ್. ಅದರ ಮೇಲೆ ನಿಲ್ಲುವ ನಿತ್ಯೋಪಯೋಗಿ ಆಜ್ಞೆಗಳನ್ನು ಬಿಜಿಬಾಕ್ಸ್ ಒದಗಿಸುತ್ತದೆ. ಡೆಬಿಯನ್ ವಿತರಣೆಯ ಸ್ಥಾಪನಾ ಸಾಮಗ್ರಿಯೆಲ್ಲವೂ ಒಂದೇ ಫ್ಲಾಪಿಯಲ್ಲಿ ಹಿಡಿಸಬೇಕೆಂದು ಬ್ರೂಸ್ ಪೆರೆನ್ಸ್ ಬರೆದ ಈ ಪ್ರೋಗ್ರಾಮು, ನೂರಾರು ಆಜ್ಞೆಗಳನ್ನು ಒಂದೇ ಫೈಲಿನಲ್ಲಿ ಮಡಿಸಿಟ್ಟುಕೊಂಡು, ಯಾವ ಹೆಸರಿನಿಂದ ಕರೆದರೆ ಆ ರೂಪದಲ್ಲಿ ವರ್ತಿಸುತ್ತದೆ. ಡೆಸ್ಕ್‌ಟಾಪ್ ಸಹಿತವಾದ ಸಿದ್ಧ ವಿತರಣೆಯಲ್ಲಿ ಸಾವಿರಕ್ಕೂ ಮಿಕ್ಕ ಪ್ಯಾಕೇಜುಗಳಿರುವಲ್ಲಿ, ಹೀಗೆ ಕಟ್ಟಿದ ಅಲ್ಪತಮ ವ್ಯವಸ್ಥೆ ಕೆಲವೇ ಮೆಗಾಬೈಟುಗಳಲ್ಲಿ ಮುಗಿಯುತ್ತದೆ. ಜಾಗದ ಉಳಿತಾಯ ಈಗ ಅಷ್ಟೇನೂ ಮುಖ್ಯವಲ್ಲ, ಫ್ಲ್ಯಾಶ್ ಅಗ್ಗವಾಗಿದೆ. ಮುಖ್ಯವಾದುದು, ಸಾಧನದಲ್ಲಿ ಇಲ್ಲದ ಪ್ರೋಗ್ರಾಮಿನ ದೋಷದಿಂದ ಸಾಧನಕ್ಕೆ ಅಪಾಯವಿಲ್ಲವೆಂಬುದು.

ಇಷ್ಟನ್ನೂ ಕೈಯಿಂದಲೇ ಒಂದೊಂದಾಗಿ ಕಟ್ಟುವುದು ವಿದ್ಯಾರ್ಥಿಗೆ ಹಿತಕರವಾದ ವ್ಯಾಯಾಮವೇ ಹೊರತು ಉದ್ಯಮಕ್ಕೆ ಒಗ್ಗುವ ಪದ್ಧತಿಯಲ್ಲ. ಅದಕ್ಕಾಗಿ ಎರಡು ನಿರ್ಮಾಣವ್ಯವಸ್ಥೆಗಳು ಪ್ರಸಿದ್ಧವಾಗಿವೆ. ಬಿಲ್ಡ್‌ರೂಟ್ 2001ರಲ್ಲಿ, ಯುಸಿಲಿಬ್‌ಸಿ ಎಂಬ ಕಿರುಗ್ರಂಥಾಲಯವನ್ನು ಪರೀಕ್ಷಿಸುವ ಸಾಧನವಾಗಿ ಹುಟ್ಟಿತು. ಕರ್ನಲನ್ನು ವಿನ್ಯಾಸಗೊಳಿಸಲು ಬಳಸುವಂಥ ಆಯ್ಕೆಪಟ್ಟಿಯನ್ನೇ ಇಲ್ಲಿಯೂ ತೆರೆದು, ಬೇಕಾದುದನ್ನು ಗುರುತುಹಾಕಿ ಒಂದು ಆಜ್ಞೆಯನ್ನಿತ್ತರೆ, ಟೂಲ್‌ಚೈನ್‌ನಿಂದ ಮೊದಲ್ಗೊಂಡು ಕಾರ್ಡಿಗೆ ಬರೆಯಬಹುದಾದ ಪೂರ್ಣ ಇಮೇಜಿನವರೆಗೆ ಎಲ್ಲವನ್ನೂ ಅದು ಸಿದ್ಧಪಡಿಸುತ್ತದೆ. ಯೋಕ್ಟೊ ಯೋಜನೆಯನ್ನು ಲಿನಕ್ಸ್ ಫೌಂಡೇಶನ್ 2010ರಲ್ಲಿ ಪ್ರಕಟಿಸಿತು. ಅದರ ಬೇರುಗಳು 2003ರ ಓಪನ್‌ಎಂಬೆಡೆಡ್‌ನಲ್ಲಿವೆ. ಅಲ್ಲಿ ಒಂದೊಂದು ತಂತ್ರಾಂಶಕ್ಕೂ ಒಂದೊಂದು ರೆಸಿಪಿ. ರೆಸಿಪಿಗಳ ಸಮೂಹಕ್ಕೆ ಲೇಯರ್ ಎಂದು ಹೆಸರು. ಚಿಪ್ ತಯಾರಕನದೊಂದು ಲೇಯರ್, ಫಲಕ ತಯಾರಕನದೊಂದು, ಸಾಧನವನ್ನು ಮಾರುವವನದೊಂದು, ಹೀಗೆ ಒಬ್ಬರ ಸಂಕೇತವನ್ನು ಮತ್ತೊಬ್ಬರು ಮುಟ್ಟದೆ ಒಂದರ ಮೇಲೊಂದನ್ನು ಪೇರಿಸಬಹುದು. ಮೊದಲ ನಿರ್ಮಾಣಕ್ಕೆ ಹಲವು ಗಂಟೆಗಳ ಕಾಲವೂ ನೂರು ಗಿಗಾಬೈಟಿನ ಆಸುಪಾಸಿನ ಜಾಗವೂ ಬೇಕಾಗುತ್ತವೆ. ಬಿಲ್ಡ್‌ರೂಟ್ ಮನೆಯಡುಗೆ, ಯೋಕ್ಟೊ ಮದುವೆಯಡುಗೆ: ನಾಲ್ವರಿಗಾಗಿ ಮದುವೆಯ ದೊಡ್ಡ ಒಲೆ ಹೂಡುವುದು ಹೇಗೆ ವ್ಯರ್ಥವೋ, ಸಾವಿರ ಎಲೆಗಳಿಗೆ ಮನೆಯ ಒಲೆಯನ್ನು ನೆಚ್ಚುವುದೂ ಹಾಗೆಯೇ ಅವಿವೇಕ. ಒಂದೇ ಫಲಕ, ಒಂದೇ ಉತ್ಪನ್ನ, ಇಬ್ಬರು ಮೂವರು ಅಭಿಯಂತರು ಇರುವಲ್ಲಿ ಬಿಲ್ಡ್‌ರೂಟೇ ಲೇಸೆಂಬುದು ಈ ಲೇಖಕನ ಅಭಿಪ್ರಾಯ. ಯೋಕ್ಟೊವಿನ ಕೀರ್ತಿಗೆ ಮರುಳಾಗಿ ಅದರ ಜಟಿಲತೆಯಲ್ಲಿ ಸಿಲುಕಿ, ತಾವು ಕಟ್ಟಿದ್ದು ಏನೆಂಬುದೇ ತಮಗೆ ತಿಳಿಯದಂತಾದ ತಂಡಗಳು ವಿರಳವಲ್ಲ.

ಇವೆರಡರಲ್ಲಿ ಯಾವುದನ್ನು ಆರಿಸಿದರೂ, ಬಳಸಿದ ಪ್ರತಿಯೊಂದು ಆಕರದ ಆವೃತ್ತಿಯೂ ಪರಿಶೀಲನಾಸಂಖ್ಯೆಯೂ ದಾಖಲಾಗುವುದು, ಪರವಾನಗಿಗಳ ಪಟ್ಟಿ ತಾನಾಗಿ ಸಿದ್ಧವಾಗುವುದು, ಇವೇ ಅವುಗಳ ನಿಜವಾದ ಉಪಕಾರ. ನಾಳೆ ಯಾವುದೋ ಗ್ರಂಥಾಲಯದಲ್ಲಿ ದೋಷವೊಂದು ಪ್ರಕಟವಾದಾಗ, ಅದು ನಮ್ಮ ಸಾಧನದಲ್ಲಿದೆಯೇ ಎಂಬ ಪ್ರಶ್ನೆಗೆ ನಿಮಿಷಗಳಲ್ಲಿ ಉತ್ತರ ಹೇಳಬೇಕಾದರೆ ಈ ಪಟ್ಟಿ ಇರಲೇಬೇಕು. ಪರವಾನಗಿಯ ವಿಷಯವನ್ನು ಲಘುವಾಗಿ ಎಣಿಸಿದವರು ಪಾಠ ಕಲಿತಿದ್ದಾರೆ: ಲಿಂಕ್ಸಿಸ್ ಸಂಸ್ಥೆಯ ಡಬ್ಲ್ಯೂಆರ್‌ಟಿ54ಜಿ ರೂಟರಿನೊಳಗೆ ಲಿನಕ್ಸ್ ಇರುವುದು 2003ರಲ್ಲಿ ಬಯಲಾಗಿ, ಜಿಪಿಎಲ್ ಪರವಾನಗಿಯ ಮೇರೆಗೆ ಮೂಲಸಂಕೇತವನ್ನು ಹೊರಗಿಡಬೇಕಾಗಿ ಬಂದಿತು, ಆ ಸಂಕೇತದಿಂದಲೇ ಓಪನ್‌ಡಬ್ಲ್ಯೂಆರ್‌ಟಿ ಹುಟ್ಟಿ ಇಂದಿಗೂ ಬಾಳುತ್ತಿದೆ.

ಶೇಖರಣೆ

ಹುದುಗಿಸಿದ ಸಾಧನವನ್ನು ಯಾರೂ ವಿಧಿಪೂರ್ವಕವಾಗಿ ಆರಿಸುವುದಿಲ್ಲ. ವಿದ್ಯುತ್ತು ಹೋದಾಗ ಅದು ನಿಲ್ಲುತ್ತದೆ, ಬಂದಾಗ ಏಳುತ್ತದೆ. ಬರೆಯುತ್ತಿರುವ ಮಧ್ಯದಲ್ಲಿ ವಿದ್ಯುತ್ತು ಕಡಿದರೆ ಎಸ್‌ಡಿ ಕಾರ್ಡು ಕೆಡುವುದು ಹವ್ಯಾಸಿಗಳೆಲ್ಲರ ಅನುಭವ. ಆದುದರಿಂದ ಮೂಲ ಫೈಲ್‌ವ್ಯವಸ್ಥೆಯನ್ನು ಸ್ಕ್ವಾಶ್‌ಎಫ್‌ಎಸ್‌ನಂಥ, ಅಡಕಗೊಳಿಸಿದ ಮತ್ತು ಓದಲು ಮಾತ್ರ ಬರುವ ರೂಪದಲ್ಲಿಟ್ಟು, ಬದಲಾಗತಕ್ಕ ದತ್ತಾಂಶಕ್ಕೆ ಬೇರೊಂದು ವಿಭಾಗವನ್ನು ಮೀಸಲಿಡುವುದು ಸಂಪ್ರದಾಯ. ಇದರಿಂದ ರಕ್ಷಣೆಗೂ ಅನುಕೂಲ. ಆದರೆ ಎಷ್ಟು ಎಂಬುದರಲ್ಲಿ ಭ್ರಮೆ ಸಲ್ಲದು.

ರಕ್ಷಣೆ

ಆ ಭ್ರಮೆಯನ್ನು ಹರಿದದ್ದು 2016ರ ಮಿರಾಯ್. ಕ್ಯಾಮರಾ, ರೂಟರ್, ವಿಡಿಯೊ ರೆಕಾರ್ಡರುಗಳಲ್ಲಿ ಹುದುಗಿದ್ದ ಲಿನಕ್ಸನ್ನು ಗುರಿಯಾಗಿರಿಸಿಕೊಂಡ ಈ ದುಷ್ಟ ಪ್ರೋಗ್ರಾಮಿನಲ್ಲಿ ಅತಿಸೂಕ್ಷ್ಮವಾದ ತಂತ್ರವೇನೂ ಇರಲಿಲ್ಲ. ಕಾರ್ಖಾನೆಯಿಂದ ಹೊರಡುವಾಗಲೇ ಕೂಡಿಬರುತ್ತಿದ್ದ ಬಳಕೆದಾರಹೆಸರು ಮತ್ತು ಪಾಸ್‌ವರ್ಡುಗಳ ಅರವತ್ತಕ್ಕೂ ಮಿಕ್ಕ ಜೋಡಿಗಳ ಪಟ್ಟಿಯೊಂದನ್ನು ಹಿಡಿದು, ಟೆಲ್‌ನೆಟ್ ಬಾಗಿಲು ತೆರೆದಿರುವ ಸಾಧನಗಳನ್ನು ಅದು ತಟ್ಟುತ್ತಾ ಹೋಗುತ್ತಿತ್ತು. ಒಳಹೊಕ್ಕೊಡನೆ ಬಿಜಿಬಾಕ್ಸಿಗೆ ಮಿರಾಯ್ ಎಂಬ ಇಲ್ಲದ ಆಜ್ಞೆಯನ್ನಿತ್ತು, ಅದು ತಿಳಿಯದೆಂಬ ಉತ್ತರ ಬಂದರೆ, ತನಗೆ ನಿಜವಾದ ಷೆಲ್ ದೊರಕಿತೆಂದು ಖಚಿತಪಡಿಸಿಕೊಳ್ಳುತ್ತಿತ್ತು. ಫ್ಲ್ಯಾಶ್‌ಗೆ ಅದು ಏನನ್ನೂ ಬರೆಯುತ್ತಿರಲಿಲ್ಲ, ಮೆಮೊರಿಯಲ್ಲಿ ಮಾತ್ರ ವಾಸಿಸುತ್ತಿತ್ತು. ಓದಲು ಮಾತ್ರ ಬರುವ ಫೈಲ್‌ವ್ಯವಸ್ಥೆ ಅದಕ್ಕೆ ಅಡ್ಡಿಯೇ ಆಗಲಿಲ್ಲ, ಮರುಚಾಲನೆಯಿಂದ ತೊಲಗಿದರೂ ಹಳೆಯ ಪಾಸ್‌ವರ್ಡು ಉಳಿದಿದ್ದರಿಂದ ಮತ್ತೆ ಹೊಕ್ಕಿತು. ಅಂಥ ಸಾಧನಗಳ ಸೈನ್ಯವು ಆ ವರ್ಷದ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ ಸಂಸ್ಥೆಯ ಮೇಲೆರಗಿದಾಗ ಅಮೆರಿಕದ ಅನೇಕ ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ದುರ್ಲಭವಾದುವು. ಸಹಿ, ಗೂಢಲಿಪಿ ಮೊದಲಾದ ಮಹಾಸಾಧನಗಳಿಗಿಂತ ಮುಂಚೆ, ಸಾಮಾನ್ಯ ಪಾಸ್‌ವರ್ಡನ್ನು ತೆಗೆದುಹಾಕುವುದು, ಬೇಡದ ಸೇವೆಗಳನ್ನು ಕಟ್ಟುವಾಗಲೇ ಕೈಬಿಡುವುದು, ಪ್ರತಿಯೊಂದು ಪ್ರೋಗ್ರಾಮನ್ನೂ ರೂಟ್ ಅಧಿಕಾರವಿಲ್ಲದೆ ನಡೆಸುವುದು ಅವಶ್ಯಕರ್ತವ್ಯ. ರಾಸ್ಪ್‌ಬೆರಿ ಪೈಯವರೂ ತಮ್ಮ ಹೆಸರಾಂತ ಪೈ ಎಂಬ ಸಿದ್ಧ ಬಳಕೆದಾರನನ್ನು 2022ರಲ್ಲಿ ಕೈಬಿಟ್ಟರು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಗ್ರಾಹಕ ಸಾಧನಗಳಲ್ಲಿ ಇಂಥ ಸಾರ್ವತ್ರಿಕ ಪಾಸ್‌ವರ್ಡು ಕಾನೂನಿಗೇ ವಿರುದ್ಧ.

ಇಷ್ಟೇ ಅಪಾಯಕರವಾದರೂ ಕಣ್ಣಿಗೆ ಬೀಳದ ಮತ್ತೊಂದು ದೋಷವುಂಟು. ಒಂದೇ ಇಮೇಜನ್ನು ಸಾವಿರ ಕಾರ್ಡುಗಳಿಗೆ ನಕಲುಮಾಡಿದಾಗ ಅದರೊಳಗಿದ್ದ ಎಸ್‌ಎಸ್‌ಎಚ್ ಕೀಲಿಯೂ ಸಾವಿರ ಪ್ರತಿಯಾಗುತ್ತದೆ. ಪ್ರತಿ ಸಾಧನವೂ ಮೊದಲ ಚಾಲನೆಯಲ್ಲಿ ತನ್ನ ಕೀಲಿಯನ್ನು ತಾನೇ ಸೃಷ್ಟಿಸಲೆಂದರೆ, ಕೀಲಿಮಣೆಯಾಗಲಿ ಮೌಸ್ ಆಗಲಿ ಇಲ್ಲದ, ಗಡಿಯಾರವೂ ಇಲ್ಲದ ಹೊಸ ಯಂತ್ರಕ್ಕೆ ಆ ಕ್ಷಣದಲ್ಲಿ ಯಾದೃಚ್ಛಿಕತೆಯ ಮೂಲಗಳೇ ವಿರಳ. ನಾಡಿಯಾ ಹೆನಿಂಗರ್ ಮತ್ತು ಸಂಗಡಿಗರು 2012ರಲ್ಲಿ ಅಂತರಜಾಲವನ್ನೆಲ್ಲ ಶೋಧಿಸಿ, ಟಿಎಲ್‌ಎಸ್ ಬಳಸುವ ಯಂತ್ರಗಳಲ್ಲಿ ಶೇಕಡಾ 0.5ರಷ್ಟರ ಆರ್‌ಎಸ್‌ಎ ಗುಪ್ತಕೀಲಿಗಳನ್ನು ಬರಿಯ ಗಣಿತದಿಂದ ಲೆಕ್ಕಹಾಕಿ ತೆಗೆದರು. ಎರಡು ಯಂತ್ರಗಳ ಕೀಲಿಗಳಲ್ಲಿ ಒಂದೇ ಅವಿಭಾಜ್ಯ ಸಂಖ್ಯೆ ಬಂದುಬಿಟ್ಟಿದ್ದರೆ ಮಹತ್ತಮ ಸಾಮಾನ್ಯ ಅಪವರ್ತನದ ಶಾಲಾಗಣಿತವೇ ಎರಡನ್ನೂ ಒಡೆಯಲು ಸಾಕು. ಹಾಗೆ ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ಹುದುಗಿಸಿದ ಸಾಧನಗಳೇ. ಆದುದರಿಂದ ಚಿಪ್ಪಿನಲ್ಲಿ ಯಾದೃಚ್ಛಿಕ ಸಂಖ್ಯಾಜನಕವಿದ್ದರೆ ಅದರ ಡ್ರೈವರನ್ನು ಕರ್ನಲ್‌ನಲ್ಲಿ ಸೇರಿಸಲು ಮರೆಯತಕ್ಕದ್ದಲ್ಲ.

ಸಾಧನವು ಶತ್ರುವಿನ ಕೈಗೇ ಸಿಕ್ಕಿದಾಗ ಪ್ರಶ್ನೆ ಬೇರೆಯ ರೂಪವನ್ನು ತಾಳುತ್ತದೆ. ಫಲಕದ ಸೀರಿಯಲ್ ಪೋರ್ಟಿಗೆ ಮೂರು ತಂತಿಗಳನ್ನು ಜೋಡಿಸಿ, ಯು-ಬೂಟ್ ಕ್ಷಣಕಾಲ ಕಾಯುವಾಗ ಒಂದು ಕೀಲಿಯನ್ನೊತ್ತಿ, ಕರ್ನಲ್‌ಗೆ ಕೊಡುವ ಸಾಲಿನಲ್ಲಿ ಇನಿಟ್‌ನ ಬದಲು ಷೆಲ್ಲನ್ನು ಹೆಸರಿಸಿದರೆ ಯಾವ ಪಾಸ್‌ವರ್ಡೂ ಇಲ್ಲದೆ ರೂಟ್ ಅಧಿಕಾರ ದೊರೆಯುತ್ತದೆ. ಇದಕ್ಕೆ ಪ್ರತಿವಿಧಾನವೇ ವೆರಿಫೈಡ್ ಬೂಟ್: ಸಾರ್ವಜನಿಕ ಕೀಲಿಯ ಹ್ಯಾಶನ್ನು ಚಿಪ್ಪಿನೊಳಗಿನ, ಒಮ್ಮೆ ಸುಟ್ಟರೆ ಮತ್ತೆ ಬದಲಿಸಲಾಗದ ಫ್ಯೂಸುಗಳಲ್ಲಿ ಬರೆದು, ಸರಣಿಯ ಒಂದೊಂದು ಹಂತವೂ ಮುಂದಿನ ಹಂತದ ಸಹಿಯನ್ನು ಪರೀಕ್ಷಿಸಿದ ಬಳಿಕವೇ ಅಧಿಕಾರವನ್ನು ಒಪ್ಪಿಸುವ ಕ್ರಮ. ಯು-ಬೂಟ್‌ಗೆ ಕರ್ನಲ್ ಮತ್ತು ಡಿವೈಸ್ ಟ್ರೀಯ ಸಹಿಗಳನ್ನು ಪರೀಕ್ಷಿಸುವ ಸಾಮರ್ಥ್ಯ 2013ರಲ್ಲಿ ಬಂದಿತು. ಮೂಲ ಫೈಲ್‌ವ್ಯವಸ್ಥೆಯ ಹೊಣೆಯನ್ನು, 2012ರಲ್ಲಿ ಕರ್ನಲ್‌ಗೆ ಸೇರಿದ ಡಿಎಂ-ವೆರಿಟಿ ಹೊರುತ್ತದೆ. ಅದು 4 ಕಿಲೋಬೈಟಿನ ಒಂದೊಂದು ಖಂಡದ ಹ್ಯಾಶನ್ನೂ ವೃಕ್ಷರೂಪದಲ್ಲಿ ಜೋಡಿಸುವುದರಿಂದ, ತುದಿಯ ಒಂದು ಮೂಲಹ್ಯಾಶಿಗೆ ಸಹಿ ಮಾಡಿದರೆ ಇಡೀ ವಿಭಾಗವೇ ಭದ್ರವಾಗುತ್ತದೆ, ಓದುವಾಗ ಬೇಕಾದ ಖಂಡವನ್ನಷ್ಟೇ ಪರೀಕ್ಷಿಸಿದರೆ ಸಾಕಾಗುತ್ತದೆ.

ಆದರೆ ಸರಣಿಯ ಮೊದಲ ಕೊಂಡಿ ಚಿಪ್ಪಿನಲ್ಲಿಯೇ ಇರಬೇಕಾದುದರಿಂದ, ಫಲಕವನ್ನು ಆರಿಸಿದ ದಿನವೇ ಇದರ ತೀರ್ಮಾನ ಆಗಿಹೋಗಿರುತ್ತದೆ. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿರುವ ಸಾಮಾನ್ಯ ವರ್ಗದ ಚಿಪ್ಪಿಗೆ ಈ ಸೌಕರ್ಯವಿಲ್ಲ. ಕಲಿಯುವುದಕ್ಕೆ ಉತ್ತಮವಾದ ಆ ಫಲಕ, ಅಪರಿಚಿತರ ಕೈಗೆ ಬೀಳಬಹುದಾದ ಸಾಧನಕ್ಕೆ ಯೋಗ್ಯವಲ್ಲ. ರಾಸ್ಪ್‌ಬೆರಿ ಪೈ 4ರಿಂದೀಚೆಗೆ ಗ್ರಾಹಕನು ತನ್ನದೇ 2048 ಬಿಟ್ ಆರ್‌ಎಸ್‌ಎ ಕೀಲಿಯನ್ನು ಈ ರೀತಿ ಪ್ರತಿಷ್ಠಾಪಿಸಬಹುದು. ಚಿಪ್ಪಿನ ಮೇಲಿನ ನಂಬಿಕೆಗೂ ಮಿತಿಯುಂಟು. ಎನ್‌ಎಕ್ಸ್‌ಪಿ ಸಂಸ್ಥೆಯ ಐ.ಎಂಎಕ್ಸ್6 ಕುಲದ ಚಿಪ್ಪುಗಳಲ್ಲಿ ಸಹಿ ಪರೀಕ್ಷಿಸುವ ಪ್ರೋಗ್ರಾಮಿನಲ್ಲೇ ದೋಷಗಳಿರುವುದನ್ನು ಫ್ರಾನ್ಸಿನ ಕ್ವಾರ್ಕ್ಸ್‌ಲ್ಯಾಬ್ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದಾಗ, ಆ ಪ್ರೋಗ್ರಾಮು ಸಿಲಿಕಾನಿನಲ್ಲಿ ಅಚ್ಚಾಗಿದ್ದ ಕಾರಣ ಮಾರಾಟವಾದ ಚಿಪ್ಪುಗಳಿಗೆ ಪರಿಹಾರವೇ ಇರಲಿಲ್ಲ. ಇದಕ್ಕಿಂತ ನಾಚಿಕೆಗೇಡಿನ ಪ್ರಸಂಗ 2024ರಲ್ಲಿ ಬೆಳಕಿಗೆ ಬಂದಿತು: ಪರೀಕ್ಷೆಗಾಗಿ ಮಾತ್ರವೆಂದು ಕೊಟ್ಟಿದ್ದ, ನಂಬಬೇಡಿ ಎಂದು ಹೆಸರಿನಲ್ಲೇ ಬರೆದಿದ್ದ ಕೀಲಿಯನ್ನು ಬದಲಿಸದೆಯೇ ನೂರಾರು ಮಾದರಿಯ ಪಿಸಿಗಳೂ ಸರ್ವರುಗಳೂ ಮಾರಾಟವಾಗಿದ್ದುವು. ಸಹಿಯ ಗುಪ್ತಕೀಲಿಯನ್ನು ನಿರ್ಮಾಣದ ಸರ್ವರಿನಲ್ಲೇ ಬಿಟ್ಟಿರುವವರು ಈ ಪ್ರಸಂಗವನ್ನು ಕಂಡು ನಗಲಾರರು.

ಬೀಗದ ಕೀಲಿಕೈ ಯಾರ ವಶದಲ್ಲಿರಬೇಕೆಂಬ ವಿವಾದ ಇನ್ನೂ ಮುಗಿದಿಲ್ಲ. ಸಾಧನವನ್ನು ಕೊಂಡವನೇ ಅದರ ತಂತ್ರಾಂಶವನ್ನು ಬದಲಿಸದಂತೆ ತಯಾರಕರು ತಡೆಯುವುದನ್ನು ವಿರೋಧಿಸಿ 2007ರ ಜಿಪಿಎಲ್ ಮೂರನೆಯ ಆವೃತ್ತಿ ರಚಿತವಾಯಿತು. ಕರ್ನಲ್ ಮತ್ತು ಬಿಜಿಬಾಕ್ಸ್ ಎರಡನೆಯ ಆವೃತ್ತಿಯಲ್ಲಿಯೇ ಉಳಿದುವು. ತಯಾರಕ ಸಂಸ್ಥೆಯು ಬಾಗಿಲು ಮುಚ್ಚಿದ ಮೇಲೆ ಬೀಗ ಹಾಕಿದ ಸಾಧನಕ್ಕೆ ತೇಪೆ ಹಾಕುವವರು ಯಾರೂ ಇಲ್ಲದೆ, ರಕ್ಷಣೆಗೆಂದು ಮಾಡಿದ ಏರ್ಪಾಡೇ ಅಪಾಯವನ್ನು ಶಾಶ್ವತಗೊಳಿಸುತ್ತದೆಂಬ ಆಕ್ಷೇಪಕ್ಕೆ ತಯಾರಕರು ಇದುವರೆಗೆ ತೃಪ್ತಿಕರವಾದ ಉತ್ತರ ಕೊಟ್ಟಿಲ್ಲ.

ನವೀಕರಣ ಮತ್ತು ಆಯುಸ್ಸು

ದೂರದ ಸಾಧನಕ್ಕೆ ಹೊಸ ಇಮೇಜನ್ನು ಕಳುಹಿಸುವಾಗ ಮಧ್ಯದಲ್ಲಿ ವಿದ್ಯುತ್ತು ಹೋದರೂ ಅದು ನಿರ್ಜೀವವಾಗಬಾರದು. ಆದುದರಿಂದ ಮೂಲ ಫೈಲ್‌ವ್ಯವಸ್ಥೆಗೆ ಎರಡು ವಿಭಾಗಗಳನ್ನಿಟ್ಟು, ಒಂದರಲ್ಲಿ ನಡೆಯುತ್ತಿರುವಾಗ ಮತ್ತೊಂದಕ್ಕೆ ಬರೆದು, ಸಹಿ ಪರೀಕ್ಷಿಸಿ, ಅದರಿಂದ ಏಳಲು ಪ್ರಯತ್ನಿಸುವುದು. ನಿಯತ ಸಂಖ್ಯೆಯ ಪ್ರಯತ್ನಗಳಲ್ಲಿ ಹೊಸ ವ್ಯವಸ್ಥೆ ಏಳದಿದ್ದರೆ ಯು-ಬೂಟ್ ತಾನಾಗಿ ಹಳೆಯದಕ್ಕೆ ಮರಳುವುದು, ಇದು ಸರ್ವಸಮ್ಮತ ಪದ್ಧತಿ. ಎಸ್‌ಡಬ್ಲ್ಯೂಅಪ್‌ಡೇಟ್, ಮೆಂಡರ್, ಜರ್ಮನಿಯ ಪೆಂಗುಟ್ರಾನಿಕ್ಸ್ ಬೆಳೆಸಿದ ರಾಕ್ ಎಂಬ ತಂತ್ರಾಂಶಗಳು ಈ ಕಾರ್ಯಕ್ಕೆ ಪ್ರಸಿದ್ಧವಾದುವು. ನವೀಕರಣದ ಏರ್ಪಾಡಿಲ್ಲದ ಸಾಧನದಲ್ಲಿ ಮೇಲೆ ಹೇಳಿದ ಉಪಾಯಗಳೆಲ್ಲವೂ ಇದ್ದರೂ ಅವು ಕಾಲಕ್ರಮದಲ್ಲಿ ನಿಷ್ಫಲವಾಗುತ್ತವೆ. ಇದೊಂದು ಇದ್ದರೆ ಉಳಿದವುಗಳಲ್ಲಿನ ಕೊರತೆಯನ್ನು ಬಹುಮಟ್ಟಿಗೆ ತುಂಬಬಹುದು.

ಕಳುಹಿಸಬೇಕಾದ ತೇಪೆಗಳು ಎಲ್ಲಿಂದ ಬರಬೇಕೆಂಬುದು ಉಳಿಯುವ ತೊಡಕು. ಕರ್ನಲ್‌ನ ದೀರ್ಘಾವಧಿ ಆವೃತ್ತಿಗಳನ್ನು ಆರು ವರ್ಷ ಪೋಷಿಸುತ್ತಿದ್ದ ವಾಡಿಕೆಯನ್ನು ಎರಡು ವರ್ಷಕ್ಕೆ ಇಳಿಸುವುದಾಗಿ 2023ರಲ್ಲಿ ಪ್ರಕಟವಾಯಿತು. ವಿದ್ಯುತ್ ಸ್ಥಾವರ, ರೈಲ್ವೆ ಮೊದಲಾದವುಗಳಿಗೆಂದು 2016ರಲ್ಲಿ ಸ್ಥಾಪಿತವಾದ ಸಿವಿಲ್ ಇನ್ಫ್ರಾಸ್ಟ್ರಕ್ಚರ್ ಪ್ಲಾಟ್‌ಫಾರ್ಮ್ ಯೋಜನೆ ಕೆಲವು ಆವೃತ್ತಿಗಳನ್ನು ಹತ್ತು ವರ್ಷ ಕಾಪಾಡುತ್ತದೆ. 2024ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಶಾಸನದ ಮುಖ್ಯ ವಿಧಿಗಳು 2027ರ ಡಿಸೆಂಬರ್ 11ರಿಂದ ಅನ್ವಯಿಸಲಿದ್ದು, ಅಲ್ಲಿ ಮಾರಾಟವಾಗುವ ಸಾಧನಗಳಿಗೆ ದೋಷಪರಿಹಾರವನ್ನು ಒದಗಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತವೆ. ಬೆಂಗಳೂರಿನಲ್ಲಿ ಕಟ್ಟಿ ಯೂರೋಪಿಗೆ ಕಳುಹಿಸುವವರಿಗೂ ಇದು ತಪ್ಪಿದ್ದಲ್ಲ.

ಕಡೆಯದಾಗಿ, 32 ಬಿಟ್ ಫಲಕಗಳನ್ನು ಬಳಸುವವರು ಗಮನಿಸತಕ್ಕ ಒಂದು ಸಂಗತಿ. ಕಾಲವನ್ನು 1970ರಿಂದ ಸೆಕೆಂಡುಗಳಲ್ಲಿ ಎಣಿಸುವ ಹಳೆಯ 32 ಬಿಟ್ ಗಣನೆ, ಭಾರತೀಯ ಕಾಲಮಾನದ ಮೇರೆಗೆ 2038ರ ಜನವರಿ 19ರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿ, ಮರುಸೆಕೆಂಡಿನಲ್ಲಿ 1901ರ ಡಿಸೆಂಬರಿಗೆ ಹೊರಳುತ್ತದೆ. 64 ಬಿಟ್ ಗಣನೆಗೆ ಬೇಕಾದ ಆಧಾರ ಕರ್ನಲ್‌ನ 5.6ನೆಯ ಆವೃತ್ತಿಯಲ್ಲಿಯೂ ಮಸಲ್‌ನ 1.2.0ರಲ್ಲಿಯೂ 2020ರಲ್ಲಿ ದೊರೆಯಿತು. ಜಿಲಿಬ್‌ಸಿಯಲ್ಲಿ 2021ರ 2.34ನೆಯ ಆವೃತ್ತಿಯಿಂದ, ಅದೂ ಕಟ್ಟುವವನು ಆರಿಸಿಕೊಂಡರೆ ಮಾತ್ರ, ದೊರೆಯುತ್ತದೆ. ಇಂದು ಕಟ್ಟಿದ ಸಾಧನವು ಹದಿನೈದು ವರ್ಷ ಬಾಳಬೇಕೆಂಬ ಉದ್ದೇಶವುಳ್ಳವರು ಈ ಆವೃತ್ತಿಗಳನ್ನು ಮೊದಲು ಪರೀಕ್ಷಿಸಿಕೊಳ್ಳತಕ್ಕದ್ದು.